ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಗೇರ್ ಎಣ್ಣೆ ಮತ್ತು ಇತರ ದ್ರವಗಳ ಆಯ್ಕೆ: ವರ್ತಕರು ಹಾಗೂ ಗ್ಯಾರೇಜ್ ಮಾಲೀಕರು ಅರಿತಿರಬೇಕಾದ ವಿಷಯಗಳು

ಹಳೆಯ ಕಾರುಗಳನ್ನು ಕಾಪಾಡಿಕೊಂಡು ಬರುವುದು ಒಂದು ಕಾಲಕ್ಕೆ ರಾಜಮನೆತನಗಳ ಹಾಗೂ ಕೆಲವೇ ಶ್ರೀಮಂತರ ಹವ್ಯಾಸವಾಗಿತ್ತು. ಇಂದು ಅದು ಬಿಡಿಭಾಗ, ಕೀಲೆಣ್ಣೆ, ಬಣ್ಣ, ವಿಮೆ ಹಾಗೂ ದುರಸ್ತಿ ಸೇವೆಗಳನ್ನು ಒಳಗೊಂಡ ಸಣ್ಣದಾದರೂ ಸ್ಥಿರವಾದ ಒಂದು ವ್ಯಾಪಾರ ಕ್ಷೇತ್ರವಾಗಿದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ದಾಟಿದ ಮತ್ತು ಮೂಲ ಸ್ವರೂಪದಲ್ಲಿಯೇ ಉಳಿಸಿಕೊಂಡ ದ್ವಿಚಕ್ರ ಹಾಗೂ ನಾಲ್ಕು ಚಕ್ರ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಲು ಅವಕಾಶ ಕಲ್ಪಿಸಿತು. ಇಂತಹ ವಾಹನಗಳನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವಿಕೆ ಹಾಗೂ ದುರಸ್ತಿಯಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಅಂದರೆ ಈ ಕಾರುಗಳು ಓಡುವುದಕ್ಕಿಂತ ನಿಂತಿರುವುದೇ ಹೆಚ್ಚು. ನಿಂತ ಕಾರಿನೊಳಗಿನ ದ್ರವಗಳ ಸ್ಥಿತಿಯೇ ಅದರ ಆಯುಷ್ಯವನ್ನು ನಿರ್ಧರಿಸುತ್ತದೆ.

ಇಂದಿನ ಕಾರುಗಳಿಗಾಗಿ ತಯಾರಾದ ಉತ್ತಮ ದರ್ಜೆಯ, ದುಬಾರಿ ಎಣ್ಣೆಯು ಹಳೆಯ ಕಾರಿಗೂ ಉತ್ತಮವೇ ಆಗಿರುತ್ತದೆ ಎಂಬ ನಂಬಿಕೆ ಅಂಗಡಿಗಳಲ್ಲಿಯೂ ಗ್ಯಾರೇಜುಗಳಲ್ಲಿಯೂ ಬೇರೂರಿದೆ. ಈ ನಂಬಿಕೆ ಪೂರ್ಣ ಸರಿಯಲ್ಲ. ಒಂದೆರಡು ಲೀಟರ್ ಎಣ್ಣೆಯ ಆಯ್ಕೆಯಲ್ಲಾಗುವ ತಪ್ಪಿನಿಂದ, ಹೊರದೇಶದಿಂದ ತರಿಸಬೇಕಾದ ಬಿಡಿಭಾಗಗಳು ಹಾಳಾಗುವ ಸಂಭವವಿದೆ. ಈ ವಿಷಯವನ್ನು ಒಂದು ನಿರ್ದಿಷ್ಟ ಕಾರಿನ ಉದಾಹರಣೆಯೊಂದಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಎಂ.ಜಿ.ಬಿ. ಏಕೆ?

ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರು ಜಗತ್ತಿನ ಅತ್ಯಂತ ಜನಪ್ರಿಯ ಸ್ಪೋರ್ಟ್ಸ್ ಕಾರುಗಳಲ್ಲೊಂದು. ಅದರ ಬೇರೆ ಬೇರೆ ರೂಪಗಳೆಲ್ಲ ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಇದರ 1798 ಸಿ.ಸಿ. ಎಂಜಿನ್ ಬಿ.ಎಂ.ಸಿ. ಸಂಸ್ಥೆಯ ‘ಬಿ’ ಸರಣಿಗೆ ಸೇರಿದುದು. ನಮ್ಮ ದೇಶದ ಹಿಂದೂಸ್ತಾನ್ ಅಂಬಾಸಡರ್ ಕಾರಿನಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಕೂಡ ಇದೇ ಸರಣಿಯದು. ಆದುದರಿಂದ ಅಂಬಾಸಡರ್ ದುರಸ್ತಿ ಮಾಡಿ ಕೈ ಪಳಗಿದ ನಮ್ಮ ಹಿರಿಯ ಮೆಕ್ಯಾನಿಕ್‌ಗಳಿಗೆ ಎಂ.ಜಿ.ಬಿ.ಯ ಎಂಜಿನ್ ತೀರ ಅಪರಿಚಿತವೇನಲ್ಲ. ಅಪರಿಚಿತವಾಗಿರುವುದು ಅದರ ಗೇರ್‌ಬಾಕ್ಸ್, ಓವರ್‌ಡ್ರೈವ್ ಹಾಗೂ ಅವುಗಳ ಎಣ್ಣೆಯ ಅಗತ್ಯಗಳು.

ಅಂಕಿ ಒಂದೇ, ಮಾಪಕ ಬೇರೆ

ಎಣ್ಣೆಯ ಡಬ್ಬದ ಮೇಲೆ ಕಾಣುವ ಮೊದಲ ಅಂಕಿ ಸ್ನಿಗ್ಧತೆಯನ್ನು, ಎಂದರೆ ಎಣ್ಣೆಯ ಮಂದತ್ವವನ್ನು ಸೂಚಿಸುತ್ತದೆ. ಎಸ್.ಎ.ಇ. ಸಂಸ್ಥೆಯು ಎಂಜಿನ್ ಎಣ್ಣೆಗೆ ಒಂದು ಮಾಪಕವನ್ನೂ ಗೇರ್ ಎಣ್ಣೆಗೆ ಮತ್ತೊಂದು ಮಾಪಕವನ್ನೂ ನಿಗದಿಪಡಿಸಿದೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಗೊಂದಲ ಉಂಟಾಗುತ್ತದೆ.

ಎಸ್.ಎ.ಇ. 90 ಗೇರ್ ಎಣ್ಣೆಯು ಎಸ್.ಎ.ಇ. 50 ಎಂಜಿನ್ ಎಣ್ಣೆಗಿಂತ ಸುಮಾರು ಎರಡು ಪಟ್ಟು ಮಂದವೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಸ್.ಎ.ಇ. 90 ಗೇರ್ ಎಣ್ಣೆಯ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗಿರುತ್ತದೆ. ಅದೇ ಉಷ್ಣತೆಯಲ್ಲಿ ಎಸ್.ಎ.ಇ. 40 ಎಂಜಿನ್ ಎಣ್ಣೆಯದು 12.5ರಿಂದ 16.3ರವರೆಗೆ, ಎಸ್.ಎ.ಇ. 50 ಎಂಜಿನ್ ಎಣ್ಣೆಯದು 16.3ರಿಂದ 21.9ರವರೆಗೆ ಇರುತ್ತದೆ. ಅಂದರೆ 90ರ ಗೇರ್ ಎಣ್ಣೆ ಮತ್ತು 40-50ರ ಎಂಜಿನ್ ಎಣ್ಣೆ ಮಂದತ್ವದಲ್ಲಿ ಹೆಚ್ಚುಕಡಿಮೆ ಸಮಾನ. ಇವೆರಡರ ನಿಜವಾದ ವ್ಯತ್ಯಾಸ ಮಂದತ್ವದಲ್ಲಿಲ್ಲ; ಅವುಗಳಲ್ಲಿ ಬೆರೆಸಿದ ರಾಸಾಯನಿಕಗಳಲ್ಲಿದೆ.

ಜಿ.ಎಲ್.-4 ಹಾಗೂ ಜಿ.ಎಲ್.-5: ಹೆಚ್ಚಿನ ಅಂಕಿ ಹೆಚ್ಚಿನ ಗುಣವಲ್ಲ

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಗೇರ್ ಎಣ್ಣೆಗಳನ್ನು ಜಿ.ಎಲ್. ಎಂಬ ಹೆಸರಿನ ದರ್ಜೆಗಳಲ್ಲಿ ವಿಂಗಡಿಸಿದೆ. ಇಂದು ಮಾರುಕಟ್ಟೆಯಲ್ಲಿ ಮುಖ್ಯವಾಗಿ ದೊರೆಯುವುದು ಜಿ.ಎಲ್.-4 ಮತ್ತು ಜಿ.ಎಲ್.-5. ಎರಡರಲ್ಲಿಯೂ ಅತಿ ಒತ್ತಡವನ್ನು ತಾಳುವ, ಇ.ಪಿ. ಎಂದು ಕರೆಯಲಾಗುವ, ಗಂಧಕ ಮತ್ತು ರಂಜಕ ಮೂಲದ ರಾಸಾಯನಿಕಗಳಿರುತ್ತವೆ. ಜಿ.ಎಲ್.-5ರಲ್ಲಿ ಇವುಗಳ ಪ್ರಮಾಣ ಜಿ.ಎಲ್.-4ಕ್ಕೆ ಹೋಲಿಸಿದರೆ ಸಾಮಾನ್ಯವಾಗಿ ಸುಮಾರು ಎರಡರಷ್ಟು.

ಇವುಗಳ ಕೆಲಸ ಹೀಗಿದೆ. ಉಕ್ಕಿನ ಎರಡು ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುವಾಗ ಅವುಗಳ ನಡುವಿನ ಎಣ್ಣೆಯ ಪದರ ಹಿಂಡಿಹೋಗುತ್ತದೆ. ಆಗ ಉಂಟಾಗುವ ಶಾಖದಲ್ಲಿ ಈ ರಾಸಾಯನಿಕಗಳು ಲೋಹದೊಡನೆ ಸೇರಿ ತೆಳುವಾದ ರಕ್ಷಣಾ ಪದರವೊಂದನ್ನು ನಿರ್ಮಿಸುತ್ತವೆ. ಹಲ್ಲುಗಳ ಬದಲು ಆ ಪದರವೇ ಸವೆಯುತ್ತದೆ. ಸವೆದ ಜಾಗದಲ್ಲಿ ಮತ್ತೆ ಹೊಸ ಪದರ ಮೂಡುತ್ತದೆ. ಉಕ್ಕಿಗೆ ಇದು ಸಂಜೀವಿನಿ.

ಹಳೆಯ ಗೇರ್‌ಬಾಕ್ಸ್‌ನಲ್ಲಿ ಉಕ್ಕಿನ ಜತೆಗೆ ಹಿತ್ತಾಳೆ ಅಥವಾ ಕಂಚಿನ ಸಿಂಕ್ರೊ ರಿಂಗುಗಳೂ ಬುಷ್‌ಗಳೂ ಇರುತ್ತವೆ. ಗಂಧಕಕ್ಕೆ ತಾಮ್ರದ ಮಿಶ್ರಲೋಹಗಳೆಂದರೆ ವಿಶೇಷ ಆಕರ್ಷಣೆ. ಇಲ್ಲಿ ಎರಡು ರೀತಿಯ ಹಾನಿ ಸಾಧ್ಯ. ಮೊದಲನೆಯದು, ರಾಸಾಯನಿಕ ಸವೆತ. ಇಂದಿನ ಅನೇಕ ಜಿ.ಎಲ್.-5 ಎಣ್ಣೆಗಳಲ್ಲಿ ಬಳಸುವ ಗಂಧಕವು ಅಷ್ಟು ಚುರುಕಲ್ಲದ ರೂಪದ್ದಾಗಿದ್ದು, ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಮುಳುಗಿಸಿಡುವ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತವೆ ಎಂಬುದು ನಿಜ. ಎರಡನೆಯದು, ಯಾಂತ್ರಿಕ ಸವೆತ. ರಕ್ಷಣಾ ಪದರವು ಮೃದುವಾದ ಹಿತ್ತಾಳೆಗೆ ಬಲವಾಗಿ ಅಂಟಿಕೊಂಡು, ಉಜ್ಜಿದಾಗ ತನ್ನೊಂದಿಗೆ ಲೋಹದ ಕಣಗಳನ್ನೂ ಕಿತ್ತೊಯ್ಯುತ್ತದೆ. ಅಲುಗಾಡದ ತಾಮ್ರದ ಪಟ್ಟಿಯ ಪರೀಕ್ಷೆಯಲ್ಲಿ ಈ ಸವೆತ ಕಂಡುಬರುವುದಿಲ್ಲ. ಆದುದರಿಂದ ‘ತಾಮ್ರಕ್ಕೆ ಸುರಕ್ಷಿತ’ ಎಂಬ ಒಂದೇ ಹೇಳಿಕೆಯನ್ನು ನಂಬಿ ಜಿ.ಎಲ್.-5 ಎಣ್ಣೆಯನ್ನು ಹಳೆಯ ಗೇರ್‌ಬಾಕ್ಸ್‌ಗೆ ಹಾಕುವುದು ವಿವೇಕವಲ್ಲ.

ಇದರೊಂದಿಗೆ ಮತ್ತೊಂದು ಅಂಶವಿದೆ. ಸಿಂಕ್ರೊ ರಿಂಗ್ ತನ್ನ ಕೆಲಸ ಮಾಡಬೇಕಾದರೆ ಘರ್ಷಣೆ ಬೇಕೇ ಬೇಕು. ಗೇರ್ ಬದಲಿಸುವ ಕ್ಷಣದಲ್ಲಿ ರಿಂಗ್ ಎಣ್ಣೆಯ ಪದರವನ್ನು ಕತ್ತರಿಸಿ, ಗೇರಿನ ಶಂಕುವನ್ನು ಹಿಡಿದು, ಎರಡರ ವೇಗವನ್ನೂ ಸಮಗೊಳಿಸಬೇಕು. ಎಣ್ಣೆ ಅತಿಯಾಗಿ ಜಾರುವಂತಿದ್ದರೆ ಈ ಹಿಡಿತ ತಡವಾಗುತ್ತದೆ, ಗೇರ್ ಕರಕರ ಎನ್ನುತ್ತದೆ. ಚಾಲಕ ಗೇರ್‌ಬಾಕ್ಸ್ ಸವೆದಿದೆಯೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ದೋಷ ಎಣ್ಣೆಯದಾಗಿರಬಹುದು.

ಗೇರ್‌ಬಾಕ್ಸ್ ಮತ್ತು ಓವರ್‌ಡ್ರೈವ್

ಎಂ.ಜಿ.ಬಿ.ಯ ಆರಂಭದ ಮಾದರಿಗಳ ಗೇರ್‌ಬಾಕ್ಸ್‌ಗೆ ತಯಾರಕರು ಸೂಚಿಸಿದ್ದು ಗೇರ್ ಎಣ್ಣೆಯನ್ನಲ್ಲ, ಎಂಜಿನ್ ಎಣ್ಣೆಯನ್ನು ಎಂಬುದು ಅನೇಕರಿಗೆ ಅಚ್ಚರಿ ತರಬಹುದು. ಇಂದು ಈ ಸ್ಥಾನಕ್ಕೆ ಸಾಮಾನ್ಯವಾಗಿ 20ಡಬ್ಲ್ಯೂ-50 ದರ್ಜೆಯ ಖನಿಜ ಎಂಜಿನ್ ಎಣ್ಣೆಯನ್ನು ಬಳಸಲಾಗುತ್ತದೆ. ಇದೇ ಕಾಲದ, ಇದೇ ದೇಶದ ಟ್ರಯಂಫ್ ಸ್ಪೋರ್ಟ್ಸ್ ಕಾರುಗಳ ಗೇರ್‌ಬಾಕ್ಸ್‌ಗಾದರೋ 90ರ ಇ.ಪಿ. ಗೇರ್ ಎಣ್ಣೆ ಬೇಕು. ಹಾಗಾಗಿ ‘ಹಳೆಯ ಇಂಗ್ಲಿಷ್ ಕಾರು’ ಎಂಬ ಒಂದೇ ಆಧಾರದ ಮೇಲೆ ಎಣ್ಣೆ ಕೊಡುವುದು ಸಲ್ಲದು. ಎಂ.ಜಿ.ಬಿ.ಯಲ್ಲಿಯೂ ವರ್ಷದಿಂದ ವರ್ಷಕ್ಕೆ ವ್ಯತ್ಯಾಸಗಳಿರುವುದರಿಂದ ಆಯಾ ವರ್ಷದ ಕೈಪಿಡಿಯನ್ನು ನೋಡಿಯೇ ತೀರ್ಮಾನಿಸಬೇಕು. 1967ರವರೆಗಿನ ಗೇರ್‌ಬಾಕ್ಸ್‌ನಲ್ಲಿ ಮೊದಲನೆಯ ಗೇರಿಗೆ ಸಿಂಕ್ರೊ ಇರಲಿಲ್ಲ. ಅನಂತರದ್ದರಲ್ಲಿ ನಾಲ್ಕೂ ಗೇರುಗಳಿಗೆ ಇದೆ. ಕೆಲವು ವರ್ಷ ಸ್ವಯಂಚಾಲಿತ ಗೇರ್‌ಬಾಕ್ಸ್ ಕೂಡ ಆಯ್ಕೆಯಾಗಿ ದೊರೆಯುತ್ತಿತ್ತು. ಅದಕ್ಕೆ ಬೇಕಾದ ದ್ರವವೇ ಬೇರೆ.

ಅನೇಕ ಎಂ.ಜಿ.ಬಿ. ಕಾರುಗಳಲ್ಲಿ ಗೇರ್‌ಬಾಕ್ಸ್‌ನ ಹಿಂಬದಿಗೆ ಲೇಕಾಕ್ ಓವರ್‌ಡ್ರೈವ್ ಜೋಡಿಸಲಾಗಿರುತ್ತದೆ. ಇದು ವಿದ್ಯುತ್ ಗುಂಡಿಯಿಂದ ನಿಯಂತ್ರಿಸಲ್ಪಡುವ ಹೆಚ್ಚುವರಿ ವೇಗದ ವ್ಯವಸ್ಥೆ. ಇದಕ್ಕೂ ಗೇರ್‌ಬಾಕ್ಸ್‌ಗೂ ಒಂದೇ ಎಣ್ಣೆ. ಆ ಎಣ್ಣೆ ಇಲ್ಲಿ ಮೂರು ಕೆಲಸ ಮಾಡಬೇಕು: ಗೇರುಗಳಿಗೆ ಕೀಲೆಣ್ಣೆಯಾಗಬೇಕು, ಓವರ್‌ಡ್ರೈವ್‌ನ ಪಂಪಿಗೆ ಒತ್ತಡದ ದ್ರವವಾಗಬೇಕು, ಶಂಕುವಿನಾಕಾರದ ಕ್ಲಚ್ಚು ಜಾರದಂತೆಯೂ ನೋಡಿಕೊಳ್ಳಬೇಕು. ಘರ್ಷಣೆ ತಗ್ಗಿಸುವುದಾಗಿ ಜಾಹೀರಾತು ಮಾಡುವ ಸೇರ್ಪಡೆಗಳನ್ನು ಇದರಲ್ಲಿ ಬೆರೆಸಿದರೆ ಕ್ಲಚ್ಚಿನ ಹಿಡಿತ ತಪ್ಪುತ್ತದೆ. ಇಂತಹ ಸೇರ್ಪಡೆಗಳನ್ನು ಓವರ್‌ಡ್ರೈವ್ ಇರುವ ಕಾರಿಗೆ ಎಂದಿಗೂ ಶಿಫಾರಸು ಮಾಡಬಾರದು. ಎಣ್ಣೆ ಬದಲಿಸುವಾಗಲೆಲ್ಲ ಓವರ್‌ಡ್ರೈವ್‌ನ ಶೋಧಕ ಜಾಲರಿಯನ್ನು ತೆಗೆದು ಶುಚಿಗೊಳಿಸಬೇಕು.

ಎಂ.ಜಿ.ಬಿ.ಯ ಗೇರ್‌ಬಾಕ್ಸ್ ಹೊರತೆಗೆಯಬೇಕಾದರೆ ಸಾಮಾನ್ಯವಾಗಿ ಎಂಜಿನ್ನನ್ನೂ ಜತೆಗೇ ಮೇಲೆತ್ತಬೇಕಾಗುತ್ತದೆ. ತಪ್ಪು ಎಣ್ಣೆಯಿಂದ ಸಿಂಕ್ರೊ ರಿಂಗುಗಳು ಸವೆದರೆ ರಿಂಗುಗಳ ಬೆಲೆಗಿಂತ ಕೂಲಿಯ ವೆಚ್ಚವೇ ಹಲವು ಪಟ್ಟು ಹೆಚ್ಚಾಗುವುದು ಇದೇ ಕಾರಣದಿಂದ.

ಹಿಂದಿನ ಆಕ್ಸಲ್: ಇಲ್ಲಿ ನಿಯಮ ತಿರುಗುಮುರುಗು

ಗೇರ್‌ಬಾಕ್ಸ್‌ಗೆ ಸಲ್ಲದ ಬಲವಾದ ಇ.ಪಿ. ಎಣ್ಣೆ ಹಿಂದಿನ ಆಕ್ಸಲ್‌ಗೆ ಅತ್ಯವಶ್ಯಕ. ಇಲ್ಲಿನ ಕ್ರೌನ್ ಮತ್ತು ಪಿನಿಯನ್ ಹೈಪಾಯ್ಡ್ ಮಾದರಿಯವು. ಪಿನಿಯನ್ನಿನ ಅಕ್ಷವು ಕ್ರೌನ್ ಚಕ್ರದ ಅಕ್ಷಕ್ಕಿಂತ ಕೆಳಗಿರುವುದರಿಂದ ಹಲ್ಲುಗಳು ಉರುಳುವುದರ ಜತೆಗೆ ಉದ್ದಕ್ಕೂ ಜಾರುತ್ತವೆ. ಈ ಜಾರುವಿಕೆಯ ಒತ್ತಡವನ್ನು ಸಾಮಾನ್ಯ ಎಂಜಿನ್ ಎಣ್ಣೆ ತಾಳಲಾರದು. ಇದಕ್ಕೆ 90ರ ಹೈಪಾಯ್ಡ್ ಇ.ಪಿ. ಎಣ್ಣೆಯೇ ಆಗಬೇಕು, ಸಿಂಕ್ರೊ ರಿಂಗುಗಳಿಲ್ಲದ ಈ ಸ್ಥಾನಕ್ಕೆ ಜಿ.ಎಲ್.-5 ದರ್ಜೆ ಸೂಕ್ತ. ‘ಗೇರ್‌ಬಾಕ್ಸ್‌ಗೆ ಹಾಕಿ ಉಳಿದದ್ದನ್ನೇ ಇದಕ್ಕೂ ಹಾಕಿಬಿಡಿ’ ಎಂಬ ಮಿತವ್ಯಯ ಇಲ್ಲಿ ಕ್ರೌನ್ ಪಿನಿಯನ್ನಿನ ಹಲ್ಲುಗಳನ್ನೇ ಬಲಿ ತೆಗೆದುಕೊಳ್ಳುತ್ತದೆ.

ಜಾಗ್ವಾರ್ ಇ-ಟೈಪ್‌ನಂತಹ ಕೆಲವು ಕಾರುಗಳಲ್ಲಿ ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೆ ಶಕ್ತಿ ಒದಗಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುತ್ತದೆ. ಇದರೊಳಗಿನ ಕ್ಲಚ್ ಪ್ಲೇಟುಗಳಿಗಾಗಿ ಘರ್ಷಣೆಯನ್ನು ಹದಗೊಳಿಸುವ ಅಂಶವುಳ್ಳ ವಿಶೇಷ ಎಣ್ಣೆ ಬೇಕು. ಎಂ.ಜಿ.ಬಿ.ಗೆ ಇದರ ಅಗತ್ಯವಿಲ್ಲ.

ಎಂಜಿನ್ ಎಣ್ಣೆ

‘ಬಿ’ ಸರಣಿಯ ಎಂಜಿನ್‌ನಲ್ಲಿ ಕ್ಯಾಮ್ ಶಾಫ್ಟಿನ ಉಬ್ಬುಗಳು ಚಪ್ಪಟೆಯಾದ ಟ್ಯಾಪೆಟ್‌ಗಳ ಮೇಲೆ ನೇರವಾಗಿ ಉಜ್ಜುತ್ತವೆ. ಇವುಗಳ ರಕ್ಷಣೆಗೆ ಎಣ್ಣೆಯಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ, ಎಂದರೆ ಜ಼ಡ್.ಡಿ.ಡಿ.ಪಿ., ಅಗತ್ಯ. ರಂಜಕವು ಆಧುನಿಕ ಕಾರುಗಳ ಹೊಗೆ ಶುದ್ಧೀಕರಣದ ಪರಿವರ್ತಕವನ್ನು ಕೆಡಿಸುವುದರಿಂದ, 2004ರಲ್ಲಿ ಬಂದ ಎಸ್.ಎಂ. ದರ್ಜೆಯಿಂದೀಚೆಗೆ 5ಡಬ್ಲ್ಯೂ-30ರಂತಹ ತೆಳು ಎಣ್ಣೆಗಳಲ್ಲಿ ರಂಜಕದ ಪ್ರಮಾಣ ಶೇಕಡ 0.08ನ್ನು ಮೀರಬಾರದೆಂದು ಮಿತಿ ಹಾಕಲಾಗಿದೆ. 20ಡಬ್ಲ್ಯೂ-50ರಂತಹ ಮಂದ ಎಣ್ಣೆಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಆದರೂ ಪ್ರತಿ ತಯಾರಕರ ಎಣ್ಣೆಯಲ್ಲಿ ಇದರ ಪ್ರಮಾಣ ಬೇರೆಯಾಗಿರುವುದರಿಂದ ತಾಂತ್ರಿಕ ವಿವರ ಪತ್ರವನ್ನು ಪರಿಶೀಲಿಸಿ ಕೊಳ್ಳುವುದು ಲೇಸು. ಎಂ.ಜಿ.ಬಿ.ಯ ಮೂಲ ಎಂಜಿನ್‌ನಲ್ಲಿ ಪರಿವರ್ತಕವಿಲ್ಲದ ಕಾರಣ ರಂಜಕ ಹೆಚ್ಚಾದರೆ ಆತಂಕವಿಲ್ಲ.

1964ರವರೆಗಿನ ಮೂರು ಬೇರಿಂಗ್ ಎಂಜಿನ್‌ನ ಹಿಂಬದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಶಾಫ್ಟಿನ ಮೇಲೆ ಕೊರೆದ ಸುರುಳಿ ಗೀರು ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ತೆಳುವಾದ ಎಣ್ಣೆ ಹಾಕಿದರೆ ಸೋರಿಕೆ ಹೆಚ್ಚುತ್ತದೆ. ನಮ್ಮ ಹವಾಮಾನಕ್ಕೂ ಈ ಎಂಜಿನ್‌ಗೂ 20ಡಬ್ಲ್ಯೂ-50 ಹೊಂದಿಕೆಯಾಗುತ್ತದೆ.

ಬ್ರೇಕ್ ಮತ್ತು ಕ್ಲಚ್ ದ್ರವ

ಗೇರ್ ಎಣ್ಣೆಯ ತಪ್ಪಿನಿಂದ ಹಣ ಹೋದೀತು. ಬ್ರೇಕ್ ದ್ರವದ ತಪ್ಪಿನಿಂದ ಪ್ರಾಣವೇ ಹೋಗಬಹುದು. ಎಂ.ಜಿ.ಬಿ.ಯಲ್ಲಿ ಬ್ರೇಕ್ ಮತ್ತು ಕ್ಲಚ್ ಎರಡಕ್ಕೂ ಒಂದೇ ಬಗೆಯ ದ್ರವ ಬಳಕೆಯಾಗುತ್ತದೆ. ಗ್ಲೈಕಾಲ್ ಮೂಲದ ಡಾಟ್ 3 ಮತ್ತು ಡಾಟ್ 4 ದ್ರವಗಳು ಗಾಳಿಯ ತೇವವನ್ನು ಹೀರುತ್ತವೆ. ಹೊಸ ಡಾಟ್ 4 ದ್ರವದ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ಶೇಕಡ 3.7ರಷ್ಟು ನೀರು ಸೇರಿದಾಗ ಅದರ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಡಾಟ್ 3ರಲ್ಲಿ ಈ ಅಂಕಿಗಳು 205 ಮತ್ತು 140 ಡಿಗ್ರಿ.

ಮಂಗಳೂರು, ಉಡುಪಿ, ಕಾರವಾರದಂತಹ ತೇವದ ಊರುಗಳಲ್ಲಿ ವರ್ಷಗಟ್ಟಲೆ ನಿಂತಿದ್ದ ಕಾರನ್ನು ರ‍್ಯಾಲಿಗೆಂದು ಹೊರತೆಗೆದು ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿಸಿದರೆ ಏನಾದೀತೆಂದು ಊಹಿಸಬಹುದು. ಎಡೆಬಿಡದೆ ತುಳಿದ ಬ್ರೇಕ್ ಕಾದು, ದ್ರವದೊಳಗಿನ ನೀರು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಓಡಿದ ಕಿಲೋಮೀಟರ್ ಎಷ್ಟೇ ಕಡಿಮೆಯಿರಲಿ, ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಪೂರ್ತಿ ಬದಲಿಸುವಂತೆ ಗ್ರಾಹಕರಿಗೆ ತಿಳಿಸಬೇಕು.

ಡಾಟ್ 5 ಎಂಬುದು ಸಿಲಿಕೋನ್ ಮೂಲದ್ದು. ಅದು ತೇವ ಹೀರುವುದಿಲ್ಲ, ಬಣ್ಣವನ್ನೂ ಕೆಡಿಸುವುದಿಲ್ಲ. ಆದರೆ ಒಳಸೇರಿದ ನೀರು ಅದರಲ್ಲಿ ಬೆರೆಯದೆ ತಗ್ಗಿನಲ್ಲಿ ನಿಂತು ತುಕ್ಕು ಹಿಡಿಸಬಲ್ಲದು. ಡಾಟ್ 5.1 ಎಂಬುದು ಹೆಸರಿನಲ್ಲಿ ಹತ್ತಿರವಿದ್ದರೂ ಗ್ಲೈಕಾಲ್ ಮೂಲದ್ದೇ. ಸಿಲಿಕೋನ್ ಮತ್ತು ಗ್ಲೈಕಾಲ್ ದ್ರವಗಳನ್ನು ಎಂದಿಗೂ ಬೆರೆಸಬಾರದು. ಯಾವುದೇ ಖನಿಜ ಎಣ್ಣೆಯ ಹನಿ ಬ್ರೇಕ್ ದ್ರವಕ್ಕೆ ಸೇರಿದರೂ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಎಣ್ಣೆ ಸುರಿಯುವ ಆಲಿಕೆಯನ್ನು ಬ್ರೇಕ್ ದ್ರವಕ್ಕೆ ಬಳಸಬಾರದು.

ರೇಡಿಯೇಟರ್ ದ್ರವ

ನಮ್ಮಲ್ಲಿ ಹಿಮ ಬೀಳದ ಕಾರಣ ಕೂಲೆಂಟ್ ಅನಗತ್ಯವೆಂದು ಭಾವಿಸಿ ಬರಿಯ ಬೋರ್‌ವೆಲ್ ನೀರು ತುಂಬಿಸುವವರಿದ್ದಾರೆ. ಗಡಸು ನೀರಿನ ಸುಣ್ಣದಂಶ ಒಳಗೋಡೆಗೆ ಕಟ್ಟಿಕೊಂಡು ಶಾಖ ಹೊರಹೋಗದಂತೆ ತಡೆಯುತ್ತದೆ. ಬೀಡು ಕಬ್ಬಿಣದ ಎಂಜಿನ್ ಒಳಗೇ ತುಕ್ಕು ಹಿಡಿಯುತ್ತದೆ. ಖನಿಜರಹಿತ ನೀರಿನೊಂದಿಗೆ, ಹಳೆಯ ಮಾದರಿಯ ಸಿಲಿಕೇಟ್ ತುಕ್ಕುನಿರೋಧಕವುಳ್ಳ ಎಥಿಲೀನ್ ಗ್ಲೈಕಾಲ್ ಬೆರೆಸುವುದು ಸರಿಯಾದ ಕ್ರಮ. ಇಂದಿನ ದೀರ್ಘಾವಧಿಯ ಸಾವಯವ ಆಮ್ಲ ಮೂಲದ ಕೂಲೆಂಟುಗಳು ಹಳೆಯ ರೇಡಿಯೇಟರಿನ ಸೀಸದ ಬೆಸುಗೆಗೂ ಕೆಲವು ಹಳೆಯ ಗ್ಯಾಸ್ಕೆಟ್‌ಗಳಿಗೂ ಹಾನಿಕರವಾಗಬಹುದು. ಬಣ್ಣ ನೋಡಿ ಕೂಲೆಂಟ್ ಆರಿಸುವುದು ತರವಲ್ಲ. ಬಣ್ಣಕ್ಕೆ ಎಲ್ಲ ತಯಾರಕರೂ ಒಪ್ಪಿದ ನಿಯಮವಿಲ್ಲ.

ಮರೆತುಹೋಗುವ ಸಣ್ಣ ದ್ರವಗಳು

ಎಸ್.ಯು. ಕಾರ್ಬ್ಯುರೇಟರಿನ ಮೇಲ್ಭಾಗದ ಡ್ಯಾಶ್‌ಪಾಟ್‌ಗೆ ಎಸ್.ಎ.ಇ. 20ರಂತಹ ತೆಳು ಎಣ್ಣೆ ಬೇಕು. ಆಕ್ಸಿಲರೇಟರ್ ಒತ್ತಿದಾಗ ಪಿಸ್ಟನ್ ಥಟ್ಟನೆ ಮೇಲೇರದಂತೆ ತಡೆದು, ಆ ಕ್ಷಣಕ್ಕೆ ಇಂಧನ ತುಸು ಹೆಚ್ಚಾಗಿ ಬರುವಂತೆ ಮಾಡುವುದು ಈ ಎಣ್ಣೆಯೇ. ಇದು ಒಣಗಿದರೆ ಕಾರು ವೇಗ ಪಡೆಯುವಾಗ ಮುಗ್ಗರಿಸುತ್ತದೆ. ಎಂ.ಜಿ.ಬಿ.ಯ ಲಿವರ್ ಮಾದರಿಯ ಶಾಕ್ ಅಬ್ಸಾರ್ಬರ್‌ಗಳಿಗೂ ಅವುಗಳದೇ ಆದ ಎಣ್ಣೆಯಿದೆ. ಅದರ ಬದಲು ಬ್ರೇಕ್ ದ್ರವ ತುಂಬಿಸುವುದು ತಪ್ಪು.

ಬದಲಿಸುವಾಗ ಪಾಲಿಸಬೇಕಾದ ಕ್ರಮ

1. ಹಳೆಯ ಎಣ್ಣೆಯನ್ನು ಇಳಿಸುವ ಮೊದಲು ತುಂಬಿಸುವ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಬೇಕು. ಎಣ್ಣೆಯೆಲ್ಲ ಇಳಿಸಿದ ಮೇಲೆ ಅದು ಬಿಚ್ಚದಿದ್ದರೆ ಕಾರು ಅಲ್ಲಿಯೇ ನಿಲ್ಲುತ್ತದೆ. ಆರಂಭದ ಎಂ.ಜಿ.ಬಿ. ಗೇರ್‌ಬಾಕ್ಸ್‌ನ ಅಳತೆಯ ಕಡ್ಡಿ ಕಾರಿನ ಒಳಗಿನಿಂದ ಸಿಗುತ್ತದೆ.

2. ಸ್ವಲ್ಪ ದೂರ ಓಡಿಸಿ, ಎಣ್ಣೆ ಬೆಚ್ಚಗಿರುವಾಗಲೇ ಇಳಿಸಬೇಕು.

3. ಇಳಿಸಿದ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಹೊಂಬಣ್ಣದ ಪುಡಿ ಕಂಡರೆ ಹಿತ್ತಾಳೆ ಅಥವಾ ಕಂಚು ಸವೆಯುತ್ತಿದೆಯೆಂದೂ, ಅಯಸ್ಕಾಂತಕ್ಕೆ ಅಂಟುವ ಚೂರುಗಳಿದ್ದರೆ ಉಕ್ಕು ಸವೆಯುತ್ತಿದೆಯೆಂದೂ, ಹಾಲಿನಂತೆ ಬಿಳಿಚಿದ್ದರೆ ನೀರು ಸೇರಿದೆಯೆಂದೂ ತಿಳಿಯಬೇಕು.

4. ಮಟ್ಟಕ್ಕಿಂತ ಹೆಚ್ಚು ತುಂಬಿಸಬಾರದು. ಹೆಚ್ಚಾದ ಎಣ್ಣೆ ಸೀಲುಗಳ ಮೂಲಕ ಹೊರಬರುತ್ತದೆ. ಹಿಂದಿನ ಆಕ್ಸಲ್‌ನಲ್ಲಾದರೆ ಬ್ರೇಕ್ ಲೈನಿಂಗ್‌ಗೂ ತಲುಪಬಹುದು.

ವರ್ತಕರಿಗೆ ಕೆಲವು ಸೂಚನೆಗಳು

ಗ್ರಾಹಕರು ‘ಗೇರ್ ಆಯಿಲ್ ಕೊಡಿ’ ಎಂದಾಗ ಯಾವ ಕಾರು, ಯಾವ ವರ್ಷದ್ದು, ಗೇರ್‌ಬಾಕ್ಸ್‌ಗೋ ಆಕ್ಸಲ್‌ಗೋ, ಓವರ್‌ಡ್ರೈವ್ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವುದು ರೂಢಿಯಾಗಬೇಕು. ಜಿ.ಎಲ್.-4 ಮತ್ತು ಜಿ.ಎಲ್.-5 ಡಬ್ಬಗಳನ್ನು ಬೇರೆ ಬೇರೆ ಕಪಾಟಿನಲ್ಲಿಡುವುದು ಒಳ್ಳೆಯದು. ಬಿಲ್ಲಿನಲ್ಲಿ ಬರಿಯ ‘ಗೇರ್ ಆಯಿಲ್’ ಎನ್ನದೆ ಸ್ನಿಗ್ಧತೆ ಹಾಗೂ ದರ್ಜೆಯನ್ನು ನಮೂದಿಸಿದರೆ ಮುಂದೆ ತಕರಾರು ಬಂದಾಗ ವರ್ತಕರಿಗೂ ಗ್ಯಾರೇಜಿಗೂ ಅದೇ ದಾಖಲೆಯಾಗುತ್ತದೆ. ಬ್ರೇಕ್ ದ್ರವವನ್ನು ಸಣ್ಣ ಡಬ್ಬಗಳಲ್ಲಿಯೇ ಮಾರಬೇಕು. ಒಡೆದ ಡಬ್ಬವನ್ನು ಮತ್ತೆ ಮಾರಬಾರದು.

ಇಳಿಸಿದ ಎಣ್ಣೆಯ ವಿಲೇವಾರಿಯೂ ನಮ್ಮ ಹೊಣೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಸುರಿಯದೆ, ಗುಜರಿಯವರಿಗೂ ಕೊಡದೆ, ಅಧಿಕೃತ ಮರುಸಂಸ್ಕರಣೆದಾರರಿಗೇ ಒಪ್ಪಿಸಬೇಕು. 2023ರ ತಿದ್ದುಪಡಿಯ ಮೂಲಕ, ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆಯನ್ನು ಎಣ್ಣೆಯ ಉತ್ಪಾದಕರು ಮತ್ತು ಆಮದುದಾರರ ಮೇಲೂ ಹೊರಿಸಲಾಗಿದ್ದು, ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಹಳೆಯ ಕಾರಿಗೆ ಎಣ್ಣೆ ಆರಿಸುವುದೆಂದರೆ ಅತ್ಯಂತ ಬೆಲೆಬಾಳುವುದನ್ನು ಆರಿಸುವುದಲ್ಲ. ಅದರೊಳಗಿರುವ ಲೋಹ, ರಬ್ಬರು ಮತ್ತು ಬೆಸುಗೆಗೆ ಒಗ್ಗುವುದನ್ನು ಆರಿಸುವುದು. ಕಾರಿನ ಕೈಪಿಡಿಯೇ ಇದಕ್ಕೆ ಮೊದಲ ಪ್ರಮಾಣ. ಆ ಕೈಪಿಡಿಯ ಎಣ್ಣೆ ಪಟ್ಟಿಯ ಒಂದು ಪ್ರತಿಯನ್ನು ಮಾಡಿಸಿ ಗ್ರಾಹಕರ ಕಡತದಲ್ಲಿರಿಸಿಕೊಳ್ಳುವ ಗ್ಯಾರೇಜು, ಆ ಪಟ್ಟಿಗೆ ಸಮನಾದ ಇಂದಿನ ಎಣ್ಣೆಯನ್ನು ಕಾರಣಸಹಿತ ಹೇಳಬಲ್ಲ ಅಂಗಡಿ, ಈ ಎರಡಕ್ಕೂ ಗ್ರಾಹಕರು ದೂರದ ಊರಿನಿಂದಲೂ ಹುಡುಕಿಕೊಂಡು ಬರುತ್ತಾರೆ.